ಸುಟ್ಟ ಕಲ್ಲಿನ ಮೇಲೊಂದು ಕಾಡು

ನನ್ನ ತಮ್ಮ ಮಾರಿಷಸ್‌ಗೆ ಕೆಲಸಕ್ಕೆ ಹೋಗಿ ಮೂರು ವರ್ಷ ಆಯಿತು. ಫೋನ್ ಮಾಡಿದಾಗಲೆಲ್ಲ "ಅಕ್ಕಾ, ಒಂದ್ಸಲ ಬಾ" ಅನ್ನುತ್ತಿದ್ದ. ಈ ದಸರಾ ರಜೆಯಲ್ಲಿ ಹೊರಟೇಬಿಟ್ಟೆ. ಆದರೆ ಒಂದು ಷರತ್ತು ಹಾಕಿದ್ದೆ. ಮಾರಿಷಸ್‌ನ ಬೀಚು ತೋರಿಸಿದರೂ ಸರಿ, ಬಿಟ್ಟರೂ ಸರಿ, ಪಕ್ಕದ ರಿಯೂನಿಯನ್ ದ್ವೀಪಕ್ಕೆ ಮಾತ್ರ ಕರೆದುಕೊಂಡು ಹೋಗಲೇಬೇಕು.

ಅದಕ್ಕೆ ಕಾರಣ ಇದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಮಲೆನಾಡಿನ ತೋಟಗಳಿಗೆಲ್ಲ ವೆನಿಲ್ಲಾ ಬಂತಲ್ಲ, ಆಗ ಅಪ್ಪನೂ ಅಡಿಕೆ ತೋಟದಲ್ಲಿ ಬಳ್ಳಿ ಹಬ್ಬಿಸಿದ್ದರು. ಹೂ ಬಿಡುವ ದಿನಗಳಲ್ಲಿ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾನೂ ತಮ್ಮನೂ ಕೈಯಲ್ಲೊಂದು ಚೂಪು ಕಡ್ಡಿ ಹಿಡಿದು ಸಾಲು ಸಾಲು ತಿರುಗುತ್ತಿದ್ದೆವು. ಹೂವಿನೊಳಗಿನ ಸಣ್ಣ ಪರದೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಲ್ಲಿ ಪರಾಗ ಒತ್ತುವುದು. ಮಧ್ಯಾಹ್ನದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಹೂ ಬಾಡುತ್ತದೆ. ಆ ಕೈಚಳಕವನ್ನು ಕಂಡುಹಿಡಿದವನು 12 ವರ್ಷದ ಒಬ್ಬ ಗುಲಾಮ ಹುಡುಗ, ಊರು ರಿಯೂನಿಯನ್ ದ್ವೀಪದ ಸೇಂಟ್ ಸುಜಾನ್, ವರ್ಷ 1841, ಅಂತ ನನಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ಆ ಹೊತ್ತಿಗೆ ವೆನಿಲ್ಲಾ ಬೆಲೆ ಬಿದ್ದು, ನಮ್ಮ ಬಳ್ಳಿಗಳೆಲ್ಲ ಕೊಳೆತು ಹೋಗಿದ್ದವು.

ಆ ಹುಡುಗನ ದ್ವೀಪ ನೋಡಬೇಕು ಅಂತ ಹೋದವಳು ನಾನು. ಆದರೆ ವಾಪಸ್ ಬರುವಾಗ ಮನಸ್ಸಿನ ತುಂಬ ಇದ್ದದ್ದು ಒಂದು ಕಾಡು.

ಮೊದಲ ದಿನ

ಮಾರಿಷಸ್‌ನಿಂದ ವಿಮಾನ ಮುಕ್ಕಾಲು ಗಂಟೆ. ಕೊಟ್ಟ ಜ್ಯೂಸ್ ಕುಡಿದು ಮುಗಿಸುವುದರೊಳಗೆ ಇಳಿಯುವ ಹೊತ್ತು. ಕಿಟಕಿಯಲ್ಲಿ ಮೊದಲು ಕಂಡದ್ದು ಮೋಡದ ಮೇಲೆ ತಲೆ ಎತ್ತಿ ನಿಂತ ಬೆಟ್ಟ, ಪಿಟಾನ್ ದೆ ನೇಜ್. ಎತ್ತರ 3,071 ಮೀಟರ್. ಅದು ತಣ್ಣಗಾದ ಹಳೇ ಜ್ವಾಲಾಮುಖಿ. ದ್ವೀಪದ ಆಗ್ನೇಯ ಮೂಲೆಯಲ್ಲಿರುವ ತಮ್ಮನಂಥದ್ದು ಇನ್ನೂ ಉರಿಯುತ್ತಿದೆ. ಅದರ ಹೆಸರು ಪಿಟಾನ್ ದ ಲಾ ಫೂರ್ನೇಸ್, ಅಂದರೆ ಕುಲುಮೆ ಬೆಟ್ಟ. ಜಗತ್ತಿನಲ್ಲಿ ಪದೇ ಪದೇ ಉಗುಳುವ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಆ ಬೆಟ್ಟದ ಬುಡದಲ್ಲಿ, ಸಮುದ್ರದ ದಂಡೆಗಿರುವ ಊರು ಸೇಂಟ್ ಫಿಲಿಪ್. ನಾವು ಹೊರಟದ್ದು ಅಲ್ಲಿಗೆ.

ರಿಯೂನಿಯನ್ ನಮ್ಮ ಹಿಂದೂ ಮಹಾಸಾಗರದಲ್ಲೇ ಇದ್ದರೂ ಆಡಳಿತದ ಲೆಕ್ಕದಲ್ಲಿ ಫ್ರಾನ್ಸ್. 1946ರಿಂದ ಅದು ಫ್ರಾನ್ಸಿನ ಒಂದು ಜಿಲ್ಲೆಯ ಹಾಗೆ. ದುಡ್ಡು ಯೂರೋ, ಗಾಡಿ ಓಡುವುದು ರಸ್ತೆಯ ಬಲಗಡೆ. ಬಾಡಿಗೆ ಕಾರು ಹತ್ತಿದ ಕೂಡಲೇ ತಮ್ಮ ಹೇಳಿದ, "ಅಕ್ಕಾ, ನೀನು ಬಲಗಡೆ ಬಲಗಡೆ ಅಂತ ಹೇಳ್ತಾ ಇರು. ನಾನು ಮರೆತುಬಿಡ್ತೀನಿ." ಮೊದಲ ಅರ್ಧ ಗಂಟೆ ನಾನು ಅದೊಂದೇ ಮಾತು ಆಡಿದ್ದು.

ಪೂರ್ವದ ದಂಡೆಯ ರಸ್ತೆ ಹಿಡಿದೆವು. ಸೇಂಟ್ ಸುಜಾನ್ ಬಂತು. ಎರಡೂ ಕಡೆ ಕಬ್ಬಿನ ಗದ್ದೆ. ಆ ಹುಡುಗನ ಹೆಸರು ಎಡ್ಮಂಡ್. ಗುಲಾಮನಿಗೆ ಮನೆತನದ ಹೆಸರು ಇರುತ್ತಿರಲಿಲ್ಲ. 1848ರ ಡಿಸೆಂಬರ್ 20ರಂದು ಇಲ್ಲಿ ಗುಲಾಮಗಿರಿ ನಿಂತಾಗ ಅವನಿಗೆ ಆಲ್ಬಿಯಸ್ ಅನ್ನುವ ಹೆಸರು ಸಿಕ್ಕಿತು. ಅವನ ಉಪಾಯದಿಂದ ಎಷ್ಟೋ ಜನ ಶ್ರೀಮಂತರಾದರು. ಅವನು 1880ರಲ್ಲಿ ಬಡವನಾಗಿಯೇ ಸತ್ತ. ನಾನು ಕಾರು ನಿಲ್ಲಿಸಲು ಹೇಳಿ, ಕಬ್ಬಿನ ಗದ್ದೆಯ ಬದಿಯಲ್ಲಿ ಐದು ನಿಮಿಷ ನಿಂತೆ. ತಮ್ಮ ಏನೂ ಕೇಳಲಿಲ್ಲ. ಅವನೂ ಹೂವಿಗೆ ಕಡ್ಡಿ ಹಿಡಿದವನೇ ಅಲ್ವಾ.

ಗುಲಾಮಗಿರಿ ಹೋದ ಮೇಲೆ ಕಬ್ಬಿನ ಕೆಲಸಕ್ಕೆ ದಕ್ಷಿಣ ಭಾರತದಿಂದ ಹಡಗು ತುಂಬ ಕೂಲಿಗಳನ್ನು ತಂದರು. ಹೆಚ್ಚಿನವರು ತಮಿಳರು. ಅವರನ್ನು ಇಲ್ಲಿ ಮಲಬಾರ್ ಅಂತಲೇ ಕರೆಯುತ್ತಾರೆ. ದಾರಿಯಲ್ಲಿ ಬಣ್ಣ ಬಣ್ಣದ ಗೋಪುರಗಳು, ಅದರಾಚೆ ಚರ್ಚು. ಒಂದು ಅಂಗಡಿಯಲ್ಲಿ 'ಬೊಂಬೊ ಪಿಮಾಂ' ಅಂತ ತಿಂಡಿ ಕೊಟ್ಟರು. ಬಾಯಿಗಿಟ್ಟರೆ ನಮ್ಮ ಬೇಳೆ ವಡೆ! ಬಿಸಿ ಬಿಸಿ, ಹಸಿಮೆಣಸು ಜಾಸ್ತಿ ಹಾಕಿದ್ದು.

ಸೇಂಟ್ ರೋಸ್ ಹತ್ತಿರ ಒಂದು ಚರ್ಚು ಇದೆ. 1977ರ ಏಪ್ರಿಲ್‌ನಲ್ಲಿ ಲಾವಾ ಊರೊಳಗೆ ನುಗ್ಗಿ, ಈ ಚರ್ಚಿನ ಬಾಗಿಲಿಗೆ ಬಂದು, ಎರಡೂ ಬದಿಗೆ ಕವಲೊಡೆದು ಹೋಯಿತು. ಕಟ್ಟಡ ಹಾಗೇ ಉಳಿಯಿತು. ಈಗಲೂ ಅಲ್ಲಿ ಪೂಜೆ ನಡೆಯುತ್ತದೆ, ಸುತ್ತ ಕಪ್ಪು ಕಲ್ಲು ಹೆಪ್ಪುಗಟ್ಟಿ ನಿಂತಿದೆ. ಒಬ್ಬ ಅಜ್ಜಿ ಒಳಗೆ ಮೇಣದ ಬತ್ತಿ ಹಚ್ಚುತ್ತಿದ್ದರು.

ಅಲ್ಲಿಂದ ಮುಂದೆ ಗ್ರಾಂ ಬ್ರೂಲೆ. ದೊಡ್ಡ ಸುಟ್ಟ ಜಾಗ ಅಂತ ಅರ್ಥ. ಬೆಟ್ಟದಿಂದ ಸಮುದ್ರದವರೆಗೆ ಇಳಿಜಾರು ಪೂರ್ತಿ ಲಾವಾ ಹರಿದ ಜಾಗ. ರಸ್ತೆ ಬದಿಯಲ್ಲಿ ವರ್ಷ ಬರೆದ ಫಲಕಗಳು, ಇದು ಇಂಥ ವರ್ಷ ಹರಿದದ್ದು, ಇದು ಇಂಥ ವರ್ಷದ್ದು ಅಂತ. ಕತ್ತಲಾಗುತ್ತಿತ್ತು. ಸರಿಯಾಗಿ ನೋಡಲು ಇನ್ನೊಂದು ದಿನ ಬರೋಣ ಅಂದುಕೊಂಡು ಸೀದಾ ಸೇಂಟ್ ಫಿಲಿಪ್ ಸೇರಿದೆವು.

ಎರಡನೇ ದಿನ

ಮಳೆ. ರಾತ್ರಿಯಿಂದ ಹಿಡಿದ ಮಳೆ ಬೆಳಿಗ್ಗೆಯೂ ಬಿಡಲಿಲ್ಲ. ತಗಡಿನ ಮಾಡಿನ ಮೇಲೆ ಅದೇ ನಮ್ಮೂರ ಆಷಾಢದ ಸದ್ದು. ಅಕ್ಟೋಬರ್ ಇಲ್ಲಿ ಒಣ ತಿಂಗಳು ಅನ್ನುತ್ತಾರೆ. ಆದರೆ ಗಾಳಿಗೆ ಎದುರಾಗಿರುವ ಈ ದಂಡೆಗೆ ಆ ಲೆಕ್ಕ ಇಲ್ಲ. ಆಗುಂಬೆ ಮಳೆ ಅಂತ ನಾವು ಹೆಮ್ಮೆಪಡುತ್ತೇವಲ್ಲ, 2007ರ ಫೆಬ್ರವರಿಯಲ್ಲಿ ಚಂಡಮಾರುತ ಬಂದಾಗ ಈ ದ್ವೀಪದ ಬೆಟ್ಟದ ಮೇಲೆ ಮೂರೇ ದಿನದಲ್ಲಿ 3,929 ಮಿಲಿಮೀಟರ್ ಸುರಿದಿದೆ. ಮೂರು ದಿನದ ಮಳೆಗೆ ಅದು ವಿಶ್ವದಾಖಲೆ.

ನಾವು ಉಳಿದದ್ದು ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ. ತಮ್ಮ ಅವರನ್ನು 'ತಾಂತಿನ್' ಅಂತ ಕರೆದ. ಇಲ್ಲಿನ ಕ್ರಿಯೋಲ್ ಮಾತಿನಲ್ಲಿ ಚಿಕ್ಕಮ್ಮ, ಅತ್ತೆ ಅಂದ ಹಾಗೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಅವನು ಹೇಳಿದ್ದಕ್ಕೆ ಅವರು ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. ಮಲಬಾರ್ ಮನೆಗಳಲ್ಲಿ ಹಬ್ಬದ ಉಪವಾಸ ಇರುತ್ತದೆ, ಅದು ಅವರಿಗೂ ರೂಢಿ. ಹಿತ್ತಲಿಗೆ ಹೋಗಿ ಕೊಡೆ ಹಿಡಿದುಕೊಂಡೇ ಸೊಪ್ಪು ಕೊಯ್ದು ತಂದರು. ನೋಡಿದರೆ ನುಗ್ಗೆಸೊಪ್ಪು! 'ಬ್ರೆದ್ ಮುರೂಂಗ್' ಅಂತಾರೆ. ಮುರುಂಗೈ ಅನ್ನುವ ತಮಿಳು ಹೆಸರು ಹಡಗಿನಲ್ಲಿ ಬಂದು ಹಾಗಾಗಿದೆ. ಕೆಸುವಿನ ಸೊಪ್ಪೂ ಇತ್ತು, ಅದಕ್ಕೆ 'ಬ್ರೆದ್ ಸೋಂಜ್'. ಅನ್ನ, ಹುರುಳಿಕಾಯಿ ಬೀಜದ ಸಾರು, ನುಗ್ಗೆಸೊಪ್ಪು, ಟೊಮೆಟೊ ಈರುಳ್ಳಿ ಹಸಿಮೆಣಸು ಜಜ್ಜಿದ ರೂಗಾಯ್. ಅದು ನಮ್ಮ ಹಸಿ ಗೊಜ್ಜಿನ ಹಾಗೇ. ಎರಡು ಸಲ ಬಡಿಸಿಕೊಂಡೆ.

ಜೊತೆಗೆ ಇನ್ನೊಂದು ಪಲ್ಯ ಇಟ್ಟರು. ಹಲಸಿನ ಗುಜ್ಜೆಯಂಥ ನಾರು, ಆದರೆ ಇನ್ನೂ ಮೆದು. ಅದು ಪಿಂಪಿನ್. ವಕ್ವಾ ಮರದ ಎಳೆ ಕಾಯಿ. ವಕ್ವಾ ನಮ್ಮ ಕೇದಗೆಯ ದಾಯಾದಿ. ನೆಲದಿಂದ ಮೇಲೆ ಊರುಗೋಲಿನ ಹಾಗೆ ಬೇರು ಬಿಟ್ಟು ನಿಲ್ಲುವ ಮರ. ಸೇಂಟ್ ಫಿಲಿಪ್ ಅಂದರೆ ವಕ್ವಾ, ವಕ್ವಾ ಅಂದರೆ ಸೇಂಟ್ ಫಿಲಿಪ್. ಇದರ ಎಲೆ ಸೀಳಿ, ಮುಳ್ಳು ತೆಗೆದು, ಒಣಗಿಸಿ ಚೀಲ ಹೆಣೆಯುತ್ತಾರೆ. ಗೋಣಿಚೀಲ ಬರುವ ಮುಂಚೆ ದ್ವೀಪದ ಸಕ್ಕರೆ, ಕಾಫಿ ಎಲ್ಲ ಹೋಗುತ್ತಿದ್ದದ್ದು ವಕ್ವಾ ಚೀಲದಲ್ಲೇ. ತಾಂತಿನ್ ಮಳೆ ನೋಡುತ್ತ ಜಗಲಿಯಲ್ಲಿ ಕೂತು ಒಂದು ಬರ್ತೆಲ್ ಹೆಣೆದು ತೋರಿಸಿದರು. ಬೆನ್ನಿಗೆ ಹಾಕಿಕೊಳ್ಳುವ ಚೀಲ ಅದು. ಬೆರಳು ಅಷ್ಟು ವೇಗ, ಕಣ್ಣು ಮಾತ್ರ ನಮ್ಮ ಮೇಲೆ. ನಮ್ಮ ಕರಾವಳಿಯಲ್ಲಿ ಮುಂಡಿಗೆ ಚಾಪೆ ಹೆಣೆಯುತ್ತಿದ್ದವರ ಕೈ ನೆನಪಾಯಿತು.

ಸಂಜೆ ಮಳೆ ಒಂದು ಗಳಿಗೆ ಬಿಟ್ಟಾಗ ಕಾಪ್ ಮೆಶಾಂಗೆ ಹೋಗಿ ಬಂದೆವು. ಪೊಗರಿನ ಮೂಲೆ ಅಂತ ಹೇಳಬಹುದು. ಕಡಿದಾದ ಕಪ್ಪು ಬಂಡೆಗೆ ಸಮುದ್ರ ಬಂದು ಅಪ್ಪಳಿಸುತ್ತದೆ, ನೆಲ ನಡುಗುತ್ತದೆ. ಮರಳು ಇಲ್ಲ, ಈಜುವ ಮಾತೇ ಇಲ್ಲ. ದಂಡೆಯುದ್ದಕ್ಕೂ ವಕ್ವಾ, ಗಾಳಿಮರ. ಇಷ್ಟೇ ನೋಡಿದ್ದು. ಮತ್ತೆ ಮಳೆ ಹಿಡಿಯಿತು.

ಮೂರನೇ ದಿನ

ಈ ದಿನಕ್ಕಾಗಿಯೇ ಇಷ್ಟು ದೂರ ಬಂದೆ ಅಂತ ಈಗ ಅನ್ನಿಸುತ್ತದೆ.

ಊರಿಂದ ಮೇಲಕ್ಕೆ ಸಣ್ಣ ರಸ್ತೆ. ಕಬ್ಬಿನ ಗದ್ದೆ ದಾಟಿ, ಕಾಡಿನೊಳಗೆ ಹೋಗುತ್ತದೆ. ಮಾರ್ ಲಾಂಗ್ ಕಾಡು. ತಾಂತಿನ್ ಅವರ ಅಣ್ಣನ ಮಗ ನಮ್ಮ ಜೊತೆ ಬಂದರು. ಗಿಡಮರ ಬಲ್ಲವರು. ಅವರು ಫ್ರೆಂಚ್, ಕ್ರಿಯೋಲ್ ಬೆರೆಸಿ ಹೇಳುವುದು, ತಮ್ಮ ಅದನ್ನು ನನಗೆ ಕನ್ನಡದಲ್ಲಿ ಹೇಳುವುದು.

ಮೊದಲು ಅವರು ಮಾಡಿಸಿದ ಕೆಲಸ ಒಂದೇ. "ಬಗ್ಗಿ, ತರಗೆಲೆ ಸರಿಸಿ ನೋಡಿ" ಅಂದರು. ಬಗ್ಗಿದೆ. ಒದ್ದೆ ಎಲೆ ಎರಡು ಪದರ ಎತ್ತಿದೆ. ಅದರ ಕೆಳಗೆ ಕೈಗೆ ಹತ್ತುವಷ್ಟು ಕಪ್ಪು ಗೊಬ್ಬರ, ಒಂದು ಬೆರಳು ದಪ್ಪ ಇರಬಹುದು. ಅದರ ಕೆಳಗೆ ಕಲ್ಲು. ಹಗ್ಗ ಹೊಸೆದಿಟ್ಟ ಹಾಗೆ ಮಡಿಕೆ ಮಡಿಕೆಯಾಗಿ ಹೆಪ್ಪುಗಟ್ಟಿದ ಲಾವಾ. ಮಣ್ಣೇ ಇಲ್ಲ! ತಲೆ ಎತ್ತಿದರೆ ಹದಿನೈದು ಇಪ್ಪತ್ತು ಮೀಟರ್ ಎತ್ತರದ ಮರಗಳು, ಬಿಸಿಲು ಕೆಳಗೆ ಬೀಳದ ಹಾಗೆ ಮುಚ್ಚಿಕೊಂಡಿವೆ. ಬೇರುಗಳೆಲ್ಲ ಕಲ್ಲಿನ ಮೇಲೆಯೇ ಹರಡಿ, ಬಿರುಕು ಸಿಕ್ಕಲ್ಲಿ ಬೆರಳು ತೂರಿಸಿದ ಹಾಗೆ ತೂರಿಸಿ ನಿಂತಿವೆ.

ಈ ಲಾವಾ ಹರಿದು ಸುಮಾರು 400ರಿಂದ 500 ವರ್ಷ ಆಗಿದೆ. ಆಗ ಈ ದ್ವೀಪದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಜನ ಬಂದು ನೆಲೆ ನಿಂತದ್ದು 1660ರ ದಶಕದಲ್ಲಿ. ಯಾರೂ ನೆಡದೆ, ಯಾರೂ ನೀರು ಹಾಕದೆ, ಬರೀ ಸುಟ್ಟ ಕಲ್ಲಿನ ಮೇಲೆ ಕಾಡು ತಾನೇ ಕಟ್ಟಿಕೊಂಡಿದೆ. ಕೆಳಗಿನ ದಂಡೆಯ ಕಾಡೆಲ್ಲ ಕಬ್ಬಿಗೆ, ಊರಿಗೆ, ವೆನಿಲ್ಲಾಕ್ಕೆ ಹೋಗಿದೆ. ಎತ್ತರದ ಬೆಟ್ಟಗಳಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ, ಆದರೆ ಸಮುದ್ರದ ಹತ್ತಿರದ ಮಳೆಕಾಡು ಅಂತ ಇಡೀ ದ್ವೀಪದಲ್ಲಿ ಚೆನ್ನಾಗಿ ಉಳಿದಿರುವುದು ಈ ತುಂಡು. ಕಾಯ್ದಿಟ್ಟಿದ್ದಾರೆ. ದಾರಿ ಬಿಟ್ಟು ಒಳಗೆ ಕಾಲಿಡುವಂತಿಲ್ಲ.

ಇಲ್ಲಿನವರು ಇಂಥ ಕಾಡಿಗೆ 'ಬಣ್ಣದ ಮರಗಳ ಕಾಡು' ಅನ್ನುತ್ತಾರೆ. ಒಂದೊಂದು ಮರ ಕಡಿದರೆ ಒಂದೊಂದು ಬಣ್ಣ, ಅದಕ್ಕೆ. ನನಗೆ ಆಶ್ಚರ್ಯ ಆಗಿದ್ದು ನೆಂಟಸ್ತಿಕೆ ನೋಡಿ. ದೊಡ್ಡ ನಾತ್ ಅನ್ನುವ ಮರ ನಮ್ಮ ರಂಜೆಯ ಕುಲದ್ದು. ತಕಮಾಕ ನಮ್ಮ ಸುರಹೊನ್ನೆಯ ಕುಲ. ಇನ್ನೊಂದರ ಎಲೆ ಹಿಸುಕಿ ಮೂಸಿದೆ, "ಇದು ನೇರಳೆ!" ಅಂತ ಕೂಗಿಬಿಟ್ಟೆ. ಅವರು ನಕ್ಕರು. ಹೌದು, ಅದೇ ಕುಲ. ಮರದ ಕವಲುಗಳಲ್ಲಿ ಸೀತಾಳೆ, ಹಕ್ಕಿಗೂಡಿನಂಥ ಜರಿಗಿಡ. ನೆಲದಲ್ಲಿ ಜಾಗ ಇಲ್ಲ ಅಂತ ಎಲ್ಲರೂ ಮರ ಹತ್ತಿ ಕೂತಿದ್ದಾರೆ.

ಹಕ್ಕಿಗಳೂ ಹಾಗೇ. ಕಂದು ಮೈ, ನೀಲಿಗಪ್ಪು ತಲೆಯ ಒಂದು ಪುಟ್ಟ ಹಕ್ಕಿ ನಮ್ಮ ಮುಂದೆ ಮುಂದೆಯೇ ಹಾರುತ್ತ ದಾರಿ ತೋರಿಸಿತು. ಅದು ಕನ್ಯೆ ಹಕ್ಕಿ, ನಮ್ಮ ರಾಜಹಕ್ಕಿಯ ತಂಗಿ. ಬಾಲ ಮಾತ್ರ ಗಿಡ್ಡ. ಮನುಷ್ಯರ ಭಯವೇ ಇಲ್ಲ ಅದಕ್ಕೆ.

ಒಂದು ತಕಮಾಕ ಮರದ ಕೆಳಗೆ ಅವರು ನಿಂತರು. ನೆಲದಲ್ಲಿ ಗೋಲಿಯಂಥ ಕಾಯಿಗಳು ಬಿದ್ದಿದ್ದವು. ಒಂದನ್ನು ಎತ್ತಿ ನನ್ನ ಕೈಗಿಟ್ಟರು. ಸುರಹೊನ್ನೆ ಕಾಯಿಯ ಹಾಗೇ, ಗಟ್ಟಿ, ದುಂಡಗೆ. ಒಂದರ ಸಿಪ್ಪೆ ಬಿಟ್ಟು ಬೀಜ ಕಾಣುತ್ತಿತ್ತು. ಕೆಲವು ಅಲ್ಲೇ ಮೊಳಕೆ ಒಡೆದಿದ್ದವು, ತಾಯಿ ಮರದ ಬುಡದಲ್ಲೇ, ಒಂದರ ಮೇಲೊಂದು.

"ಇದನ್ನು ದೂರ ಒಯ್ಯುವವರು ಯಾರೂ ಇಲ್ಲ" ಅಂದರು.

ಮೊದಲು ಇದ್ದರು. ಈ ದ್ವೀಪದಲ್ಲಿ ದೈತ್ಯ ಆಮೆಗಳಿದ್ದವು. ಇಲ್ಲಿಯದೇ ಗಿಳಿ, ಪಾರಿವಾಳಗಳಿದ್ದವು. ಹಣ್ಣು ತಿನ್ನುವ ದೊಡ್ಡ ಬಾವಲಿಗಳಿದ್ದವು. ಜನ ಬಂದ ಎರಡು ಶತಮಾನದೊಳಗೆ ತಿಂದು, ಹಡಗಿಗೆ ತುಂಬಿ, ಇಲಿ ಬೆಕ್ಕು ತಂದು ಬಿಟ್ಟು, ಎಲ್ಲ ಮುಗಿಸಿದರು. ಈಗ ಹಣ್ಣು ತಿನ್ನುವ ಇಲ್ಲಿಯದೇ ಹಕ್ಕಿಗಳಲ್ಲಿ ದೊಡ್ಡದು ಅಂದರೆ ಒಂದು ಪಿಕಳಾರ. ಅದರ ಬಾಯಿಗೆ ತಕಮಾಕ ಹಿಡಿಯುವುದಿಲ್ಲ. ಸಂಶೋಧಕರು ಬೇರೆ ಬೇರೆ ಕಾಲದ ಲಾವಾ ಹರಿವುಗಳ ಮೇಲೆ ಏನೇನು ಬೆಳೆದಿದೆ ಅಂತ ಎಣಿಸಿ ನೋಡಿದ್ದಾರೆ. ಆ ಪ್ರಾಣಿಗಳು ಇದ್ದ ಕಾಲದ ಹಳೇ ಹರಿವುಗಳ ಮೇಲೆ ದೊಡ್ಡ ಹಣ್ಣಿನ ಮರಗಳಿವೆ. ಅವು ಹೋದ ಮೇಲಿನ ಹರಿವುಗಳ ಮೇಲೆ ಆ ಮರಗಳು ಹೆಚ್ಚುಕಡಿಮೆ ಬಂದೇ ಇಲ್ಲ.

ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಡೆ ಮಂಗಟ್ಟೆ ಹಕ್ಕಿ ಇನ್ನೂ ಇದೆ. ದಾಂಡೇಲಿ ಕಡೆ ಹೋದರೆ ರೆಕ್ಕೆಯ ಸದ್ದು ಕೇಳುತ್ತದೆ. ಅದು ದೊಡ್ಡ ದೊಡ್ಡ ಹಣ್ಣು ನುಂಗಿ, ಮೈಲಿ ದೂರ ಹೋಗಿ ಬೀಜ ಉಗುಳುತ್ತದೆ. ಚಿಕ್ಕವಳಿದ್ದಾಗ ಅದನ್ನು ಸುಮ್ನೆ ಚಂದದ ಹಕ್ಕಿ ಅಂತ ನೋಡಿದವಳು ನಾನು. ಅದು ಕಾಡು ಬಿತ್ತುವ ರೈತ ಅಂತ ಅರ್ಥ ಆಗಿದ್ದು ಈ ಮರದ ಕೆಳಗೆ, ಅಂಥದ್ದೊಂದು ಇಲ್ಲದ ಊರಿನಲ್ಲಿ.

ವಾಪಸ್ ಬರುವಾಗ ಕಾಡಿನ ಅಂಚಿನಲ್ಲಿ ಪರಿಚಯದ ದನಿ ಕೇಳಿಸಿತು. ನೋಡಿದರೆ ನಮ್ಮ ಮನೆ ಅಂಗಳದ ಕೆಮ್ಮೀಸೆ ಪಿಕಳಾರ! ಜುಟ್ಟು, ಕೆನ್ನೆಯ ಕೆಂಪು, ಎಲ್ಲ ಅದೇ. ಖುಷಿಯಿಂದ ತೋರಿಸಿದರೆ ಅವರ ಮುಖ ಸಣ್ಣದಾಯಿತು. 1970ರ ದಶಕದಲ್ಲಿ ಪಂಜರದ ಹಕ್ಕಿಯಾಗಿ ಬಂದು, ತಪ್ಪಿಸಿಕೊಂಡು, ದ್ವೀಪ ಪೂರ್ತಿ ಹರಡಿದೆಯಂತೆ. ಸಣ್ಣ ಹಣ್ಣಿನ ಕಳೆಗಿಡಗಳನ್ನು ಅದು ಕಾಡಿನೊಳಗೆ ಬಿತ್ತುತ್ತದೆ. ನಮ್ಮ ನೆಕ್ಕರಿಕದ ದಾಯಾದಿಯಂಥ ಒಂದು ರೋಮದ ಗಿಡ, ಬ್ರೆಜಿಲ್‌ನಿಂದ ಬಂದ ಕೆಂಪು ಸಣ್ಣ ಪೇರಲೆ, ಕಾಡುಮುಳ್ಳಿನ ಬಳ್ಳಿ. ಪೇರಲೆ ಪೊದೆ ಕಾಡಿನ ಅಂಚಿನಲ್ಲಿ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ನಮ್ಮಲ್ಲಿ ಲಂಟಾನ, ಯುಪಟೋರಿಯಂ ನಿಂತ ಹಾಗೇ. ಹಣ್ಣು ರುಚಿ ಅಂತ ಜನ ಬಿಡಲೊಲ್ಲರು, ಜಾಮ್ ಮಾಡುತ್ತಾರೆ, ಅದರ ಹೆಸರಿನಲ್ಲಿ ಹಬ್ಬವೇ ಇದೆ.

ಹಕ್ಕಿಯದ್ದು ತಪ್ಪಿಲ್ಲ. ಆದರೂ ನನ್ನ ಊರಿನ ಹಕ್ಕಿಯನ್ನು ಅಲ್ಲಿ ನೋಡಿ ಹೊಟ್ಟೆಯಲ್ಲಿ ಏನೋ ಸಂಕಟ ಆಯಿತು.

ನಾಲ್ಕನೇ ದಿನ

ಬಿಸಿಲು ಬಂತು. ಬೆಳಿಗ್ಗೆ ಪ್ವಾಂತ್ ದ ಲಾ ತಾಬ್ಲ್‌ಗೆ ಹೋದೆವು. 1986ರ ಮಾರ್ಚ್‌ನಲ್ಲಿ ಲಾವಾ ಯಾವಾಗಲೂ ಹರಿಯುವ ಜಾಗ ಬಿಟ್ಟು, ಸೇಂಟ್ ಫಿಲಿಪ್‌ನ ಜನ ಇರುವ ಕಡೆ ಒಡೆದು ಬಂದು ಸಮುದ್ರ ಸೇರಿತು. ದ್ವೀಪಕ್ಕೆ ಹೊಸ ನೆಲವೇ ಸೇರಿಕೊಂಡಿತು. ನಾವು ನಡೆದದ್ದು ನನಗಿಂತ ಸಣ್ಣ ವಯಸ್ಸಿನ ನೆಲದ ಮೇಲೆ. ಇಲ್ಲೊಂದು ಹಳೇ ಬಾವಿ ಇತ್ತು, ಅರಬರ ಬಾವಿ ಅಂತ ಹೆಸರು. ಅದನ್ನೂ ಲಾವಾ ನುಂಗಿತು. ಬಾವಿ ಹೋದರೂ ಜಾಗದ ಹೆಸರು ಹಾಗೇ ಇದೆ.

ಆಮೇಲೆ ಲೆ ತ್ರಾಂಬ್ಲೆ. 2007ರ ಏಪ್ರಿಲ್ 2ರಂದು ಈ ಊರಿನ ಮೇಲುಗಡೆಯೇ, ಬರೀ 600 ಮೀಟರ್ ಎತ್ತರದಲ್ಲಿ, ನೆಲ ಬಾಯಿ ಬಿಟ್ಟಿತು. ಜನರನ್ನು ಖಾಲಿ ಮಾಡಿಸಿದರು. ಲಾವಾ ಹೆದ್ದಾರಿಯನ್ನು ಮುಚ್ಚಿಕೊಂಡು ಸಮುದ್ರಕ್ಕೆ ಇಳಿಯಿತು. ನಾಲ್ಕೈದು ದಿನದಲ್ಲಿ ಬೆಟ್ಟದ ತುದಿಯ ಕುಳಿ 300 ಮೀಟರಿಗೂ ಹೆಚ್ಚು ಕುಸಿಯಿತು, ಒಳಗಿದ್ದದ್ದೆಲ್ಲ ಖಾಲಿಯಾಗಿ. ಸಮುದ್ರದ ಆಳದ ಮೀನುಗಳು ಸತ್ತು ಮೇಲೆ ತೇಲಿದವು. ಅದರಲ್ಲಿ ಯಾರೂ ಅಲ್ಲಿಯವರೆಗೆ ನೋಡದ ಜಾತಿಗಳೂ ಇದ್ದವು. ತಾಂತಿನ್ ಆ ದಿನಗಳನ್ನು ನೆನೆಸಿಕೊಂಡು ಹೇಳಿದ್ದು ಒಂದೇ ಮಾತು: "ರಾತ್ರಿ ಇರಲಿಲ್ಲ." ಆಕಾಶ ಕೆಂಪಗೆ ಉರಿಯುತ್ತಿತ್ತಂತೆ.

ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಆ ಲಾವಾದ ಅಂಚಿಗೆ ಹೋಗಿ ನಿಂತೆ. ದೂರದಿಂದ ಕಪ್ಪು. ಹತ್ತಿರ ಹೋದರೆ ಬೂದಿ ಬಣ್ಣದ ತುಪ್ಪಳ ಹೊದ್ದ ಹಾಗೆ. ಅದು ಕಲ್ಲುಹೂವು. ಬೆರಳಲ್ಲಿ ಮುಟ್ಟಿದೆ, ಒಣಗಿದ ಹವಳದ ಹಾಗೆ ಪುಡಿ ಪುಡಿ. ಕಲ್ಲಿನ ಮೇಲೆ ಮೊದಲು ಬರುವುದು ಇದು, ಗಾಳಿಯಲ್ಲಿ. ಇದರ ಹಿಂದೆ ಬಿರುಕುಗಳಲ್ಲಿ ಜರಿಗಿಡ. ಅದೂ ಗಾಳಿಯಲ್ಲೇ ಬಂದದ್ದು. ಅಲ್ಲಲ್ಲಿ ಕೆಂಪು ಚಿಗುರಿನ ಒಂದು ಸಣ್ಣ ಮರ. ಅದಕ್ಕೆ ಇಲ್ಲಿ 'ಬ್ವಾ ದ ರಾಂಪಾರ್' ಅನ್ನುತ್ತಾರೆ, ಅದರ ಬೀಜವೂ ಧೂಳಿನಷ್ಟು ಹಗುರ. ಇನ್ನೂರು ಮುನ್ನೂರು ವರ್ಷ ಹೀಗೇ ಒಂದೊಂದೇ ಬಂದು, ಉದುರಿ, ಕೊಳೆತು, ಒಂದು ಬೆರಳು ದಪ್ಪ ಗೊಬ್ಬರ ಆಗುತ್ತದೆ. ನಿನ್ನೆ ನಾನು ಎಲೆ ಸರಿಸಿ ಮುಟ್ಟಿದ್ದು ಅದನ್ನೇ.

ಇಲ್ಲಿಂದ ಮಾರ್ ಲಾಂಗ್ ಕೆಲವೇ ಕಿಲೋಮೀಟರ್. ತಮ್ಮ ಕಲ್ಲಿನ ಮೇಲೆ ಕೂತಿದ್ದ. ನಿನ್ನೆಯ ತಕಮಾಕ ಕಾಯಿ ಅವನ ತಲೆಯಲ್ಲೂ ತಿರುಗುತ್ತಿತ್ತು ಅಂತ ಕಾಣುತ್ತದೆ.

"ಅಕ್ಕಾ, ಗಾಳಿಯಲ್ಲಿ ಬರುವುದೆಲ್ಲ ಬಂತು. ಇನ್ನು ತಕಮಾಕ ಇಲ್ಲಿಗೆ ಹೇಗೆ ಬರುತ್ತೆ?"

ನಾನು ಉತ್ತರ ಹೇಳಲಿಲ್ಲ. ಜರಿಗಿಡದ ಮಧ್ಯೆ ಒಂದು ಕೆಂಪು ಪೇರಲೆ ಸಸಿ ಆಗಲೇ ಎರಡು ಅಡಿ ಬೆಳೆದಿತ್ತು.

ಐದನೇ ದಿನ

ತಾಂತಿನ್ ನಮ್ಮ ವೆನಿಲ್ಲಾ ಕತೆ ಕೇಳಿದ್ದರು. ಅವರ ಪರಿಚಯದ ಒಬ್ಬ ರೈತರ ಹತ್ತಿರ ಕಳಿಸಿದರು. ಇಲ್ಲಿ ವೆನಿಲ್ಲಾ ಬೆಳೆಯುವುದು ಕಾಡಿನ ಮರಗಳ ಅಡಿಯಲ್ಲೇ. ಅರಣ್ಯ ಇಲಾಖೆಯ ಜಾಗವನ್ನು ಗೇಣಿಗೆ ಪಡೆದು, ಮರ ಕಡಿಯದೆ, ಅದೇ ಮರಗಳಿಗೆ, ವಕ್ವಾಗಳಿಗೆ ಬಳ್ಳಿ ಹಬ್ಬಿಸುತ್ತಾರೆ. ಬುಡಕ್ಕೆ ಅದೇ ತರಗೆಲೆ.

ಹೂ ಬಿಡುವ ಕಾಲ. ರೈತರ ಹೆಂಡತಿ ಬೆಳಿಗ್ಗೆ ಏಳಕ್ಕೇ ಕೆಲಸ ಶುರು ಮಾಡಿದ್ದರು. ಈ ಕೆಲಸ ಮಾಡುವ ಹೆಂಗಸರಿಗೆ ಇಲ್ಲಿ 'ಮಾರಿಯೂಸ್' ಅಂತ ಹೆಸರು, ಮದುವೆ ಮಾಡಿಸುವವರು ಅಂತ. ನಾವು ಬರೀ 'ಪಾಲಿನೇಶನ್ ಮಾಡೋದು' ಅಂತಿದ್ದೆವು! ಮೆಕ್ಸಿಕೋದಿಂದ ಬಳ್ಳಿ ಬಂದು ಇಪ್ಪತ್ತು ವರ್ಷ ಇಲ್ಲಿ ಸುಮ್ನೆ ಹೂ ಬಿಟ್ಟು ಉದುರಿಸುತ್ತಿತ್ತು. ಅದರ ಜೇನುನೊಣ ಇಲ್ಲಿ ಇರಲಿಲ್ಲವಲ್ಲ. ಎಡ್ಮಂಡ್‌ನ ಬೆರಳು ಬಂದ ಮೇಲೇ ಕಾಯಿ ಹಿಡಿದದ್ದು.

ಹಿಂದಿನ ಸಲದ ಒಂದು ಒಣ ಕಾಯಿಯನ್ನು ಅವರು ತೋರಿಸಿದರು. ಅದರ ಮೈ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಗುರುತು. ಹಸಿ ಕಾಯಿ ಬಳ್ಳಿಯಲ್ಲಿರುವಾಗಲೇ ಗುಂಡುಸೂಜಿಗಳನ್ನು ಚುಚ್ಚಿದ ಬೆಣೆಯಿಂದ ಒತ್ತುತ್ತಾರೆ, ಕಳ್ಳರು ಕದ್ದರೆ ಯಾರ ತೋಟದ್ದು ಅಂತ ತಿಳಿಯಲಿ ಅಂತ. ಬೆಲೆ ಏರಿದ ವರ್ಷ ಅಪ್ಪ ರಾತ್ರಿ ಟಾರ್ಚ್ ಹಿಡಿದು ತೋಟ ಕಾದದ್ದು ನೆನಪಾಯಿತು. ಈ ಉಪಾಯ ಆಗ ನಮಗೆ ಗೊತ್ತಿದ್ದರೆ ಅನ್ನಿಸಿತು.

"ನಾನೊಂದು ಮಾಡಲಾ?" ಅಂತ ಕೇಳಿದೆ. ಅವರು ತಮ್ಮ ಕಡ್ಡಿ ಕೊಟ್ಟರು, ಯಾವುದೋ ಮುಳ್ಳು. ತಿಳಿ ಹಳದಿಯ ಹೂವನ್ನು ಎಡಗೈಯಲ್ಲಿ ಹಿಡಿದೆ. ತುಟಿ ಸೀಳಿದೆ, ಪರದೆ ಎತ್ತಿದೆ, ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಮರೆತಿರಲಿಲ್ಲ. ಆಕೆ ನನ್ನ ಕೈ ನೋಡಿ ಏನೋ ಹೇಳಿದರು. ತಮ್ಮ ಅನುವಾದ ಮಾಡಿದ: "ನಿಮ್ಮೂರಲ್ಲೂ ಹೀಗೇನಾ ಅಂತ ಕೇಳ್ತಾರೆ." ಹೀಗೇ ಅಂದೆ. ಅಷ್ಟೇ ಹೇಳಲು ಆಗಿದ್ದು, ಗಂಟಲು ಕಟ್ಟಿತ್ತು. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆವು. ನಾನು ನಲವತ್ತಾರು ಹೂ ಮಾಡಿದೆ, ತಮ್ಮ ಮೂವತ್ತು. ಕಾಯಿ ಬಲಿಯಲು ಒಂಬತ್ತು ತಿಂಗಳು.

ಆರನೇ ದಿನ

ಮಾರಿಷಸ್‌ಗೆ ವಾಪಸ್. ತಾಂತಿನ್ ಆ ಬರ್ತೆಲ್ ಚೀಲವನ್ನು ನನಗೇ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಹಿಡಿದುಕೊಂಡು ಬೇಡ ಅಂದರು.

ತಮ್ಮನ ಬಾಡಿಗೆ ಮನೆಯ ಮಹಡಿಯಲ್ಲಿ ಸಂಜೆ ಚಹಾ ಕುಡಿಯುತ್ತ ಕೂತಿದ್ದೆವು. ಪಕ್ಕದ ಮನೆಯವರು ಏಣಿ ಹಾಕಿ ತಮ್ಮ ಲಿಚಿ ಮರಕ್ಕೆ ಬಲೆ ಹೊದಿಸುತ್ತಿದ್ದರು. ಬಾವಲಿ ಬರುತ್ತದಂತೆ. ಹಣ್ಣಿನ ತೋಟಗಳಿಗೆ ನಷ್ಟ ಅಂತ ಇಲ್ಲಿಯ ಸರ್ಕಾರ 2015ರಿಂದ ಕೆಲವು ಸಲ ಸಾವಿರಗಟ್ಟಲೆ ಬಾವಲಿಗಳನ್ನು ಕೊಲ್ಲಿಸಿದೆ. ರಿಯೂನಿಯನ್‌ನಲ್ಲೂ ಒಂದು ಕಾಲಕ್ಕೆ ಇದೇ ಜಾತಿ ಇತ್ತು. ಅಲ್ಲಿ ಪೂರ್ತಿ ಅಳಿದ ಮೇಲೆ, ಈ ಶತಮಾನದಲ್ಲಿ, ಬೆರಳೆಣಿಕೆಯಷ್ಟು ಬಾವಲಿಗಳು ದ್ವೀಪದ ಪೂರ್ವಕ್ಕೆ ಮತ್ತೆ ಬಂದಿವೆ ಅಂತ ಮೊನ್ನೆ ಕಾಡಿನಲ್ಲಿ ತಾಂತಿನ್ ಅವರ ಅಣ್ಣನ ಮಗ ಹೇಳಿದ್ದರು. ಇಲ್ಲಿಂದಲೇ ಸಮುದ್ರ ದಾಟಿ ಹೋಗಿರಬೇಕು, ಸುಮಾರು ಇನ್ನೂರು ಕಿಲೋಮೀಟರ್.

ಕತ್ತಲಾಗುವ ಹೊತ್ತಿಗೆ ಮೊದಲ ಬಾವಲಿ ಬಂತು. ಬಂಗಾರದ ಬಣ್ಣದ ಕತ್ತು, ನಿಧಾನ ರೆಕ್ಕೆ. ಬಲೆ ಹಾಕಿದ ಮರದ ಮೇಲೆ ಒಂದು ಸುತ್ತು ಹಾಕಿತು, ಇಳಿಯಲಿಲ್ಲ. ಅದರ ಹಿಂದೆ ಇನ್ನೆರಡು. ನಾವಿಬ್ಬರೂ ಎದ್ದು ನಿಂತೆವು. ಮೂರೂ ಪಶ್ಚಿಮದ ಕಡೆ ತಿರುಗಿ, ಮನೆಗಳ ಮೇಲಿಂದ, ಸಮುದ್ರ ಇರುವ ದಿಕ್ಕಿಗೆ ಹೋದವು.